ರಾತ್ರಿ ಜೋಮು ಹಿಡಿಯುವ ಕೈ: ಮಣಿಕಟ್ಟಿನ ಸುರಂಗದ ಬಗ್ಗೆ ಸಂಶೋಧನೆ ತಿಳಿಸಿದ್ದೇನು

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟಗಳ ಲೈನ್ ಮನೆಗಳಲ್ಲಾಗಲಿ, ಹಾಸನದ ಬಟ್ಟೆ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ನಡುವೆಯಾಗಲಿ ಈ ಮಾತು ಹೊಸದಲ್ಲ: “ರಾತ್ರಿ ಎರಡು ಗಂಟೆ ಹೊತ್ತಿಗೆ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ. ಎದ್ದು ಕೂತು ಕೈ ಕೊಡವಿದ್ರೆ ಸರಿಹೋಗುತ್ತೆ, ಮಲಗಿದ್ರೆ ಮತ್ತೆ ಅದೇ.” ಇದನ್ನು ಕೇಳಿಸಿಕೊಂಡವರು ವಾಯು ಎನ್ನುತ್ತಾರೆ, ನರದ ವೀಕ್ನೆಸ್ ಎನ್ನುತ್ತಾರೆ, ಕೈ ಮಡಚಿ ಮಲಗಿದ್ದಕ್ಕೆ ರಕ್ತ ಓಡಿಲ್ಲ ಎನ್ನುತ್ತಾರೆ. ಎಣ್ಣೆ ತಿಕ್ಕುವುದು, ಬಿ ಕಾಂಪ್ಲೆಕ್ಸ್ ಚುಚ್ಚುಮದ್ದು ಹಾಕಿಸಿಕೊಳ್ಳುವುದು, ನೋವಿನ ಮಾತ್ರೆ ನುಂಗುವುದು ಹೀಗೆ ವರ್ಷಗಳು ಕಳೆಯುತ್ತವೆ. ಕೊನೆಗೊಂದು ದಿನ ಅಂಗಿಯ ಗುಂಡಿ ಹಾಕಲು ಬೆರಳು ಕೇಳದಿದ್ದಾಗ, ಕೈಯಲ್ಲಿದ್ದ ಲೋಟ ತಾನಾಗಿ ಜಾರಿದಾಗ, ಹೆಬ್ಬೆರಳಿನ ಬುಡದ ಮಾಂಸ ಬತ್ತಿಹೋಗಿರುವುದು ಕಣ್ಣಿಗೆ ಬೀಳುತ್ತದೆ. ಇಷ್ಟು ತಡವಾಗಬೇಕಿಲ್ಲ ಎಂಬುದೇ ಈ ಲೇಖನ ಬರೆಯಲು ಕಾರಣ.

ವೈದ್ಯಕೀಯದಲ್ಲಿ ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂಬ ಹೆಸರಿದೆ. ತೊಂದರೆ ಇರುವವರು ಕೇಳುವ ಪ್ರಶ್ನೆಗಳು ಎರಡು: ನನಗೆ ಇದು ಯಾಕೆ ಬಂತು, ಏನು ಮಾಡಿದರೆ ಹೋಗುತ್ತದೆ. ಕೇಳುವಾಗ ಎರಡೂ ಒಂದೇ ಉಸಿರಿನಲ್ಲಿ ಬಂದರೂ ಇವುಗಳಿಗೆ ಉತ್ತರ ಹುಡುಕುವ ದಾರಿಗಳು ಬೇರೆ ಬೇರೆ. ಮೊದಲನೆಯದಕ್ಕೆ ಸಾವಿರಾರು ಜನರ ಕೆಲಸ, ಮೈಕಟ್ಟು, ಕಾಯಿಲೆಗಳನ್ನು ಹೋಲಿಸಿ ನೋಡಬೇಕು. ಎರಡನೆಯದಕ್ಕೆ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಬೇರೆ ಚಿಕಿತ್ಸೆ ಕೊಟ್ಟು ತಿಂಗಳುಗಟ್ಟಲೆ ಕಾದು ನೋಡಬೇಕು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ರೋಗದ ಬಗ್ಗೆ ಕೇಳಿಬರುವ ಎಷ್ಟೋ ಗೊಂದಲದ ಮಾತುಗಳು ತಾವಾಗಿ ತಿಳಿಯಾಗುತ್ತವೆ.

ಸುರಂಗದ ಒಳಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಆ ಸುರಂಗಗಳ ಗೋಡೆ ರೈಲಿನ ಗಾತ್ರಕ್ಕೆ ತಕ್ಕಂತೆ ಹಿಗ್ಗುವುದಿಲ್ಲ, ಒಳಗೆ ಹೋಗುವುದೇ ಅಳತೆಗೆ ತಕ್ಕಂತೆ ಇರಬೇಕು. ನಮ್ಮ ಮಣಿಕಟ್ಟಿನಲ್ಲಿಯೂ ಅಂಥದ್ದೇ ಒಂದು ದಾರಿಯಿದೆ. ಎಂಟು ಪುಟ್ಟ ಮೂಳೆಗಳು ಕಮಾನಿನಂತೆ ಬಾಗಿ ಕೂಡಿಕೊಂಡು ಅದರ ತಳ ಮತ್ತು ಪಕ್ಕದ ಗೋಡೆಗಳಾಗಿವೆ. ಅಂಗೈ ಕಡೆಯಿಂದ ಒಂದು ದಪ್ಪನೆಯ, ಹಿಗ್ಗದ ಅಡ್ಡಪಟ್ಟಿ ಚಾವಣಿಯಾಗಿದೆ. ಇಷ್ಟು ಕಿರಿದಾದ ಜಾಗದಲ್ಲಿ ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅಂದರೆ ಸ್ನಾಯುವಿನ ಶಕ್ತಿಯನ್ನು ಬೆರಳಿಗೆ ಮುಟ್ಟಿಸುವ ಹುರಿಗಳು, ಹಾದುಹೋಗುತ್ತವೆ. ಅವುಗಳ ಜೊತೆಗೆ ಹತ್ತನೆಯದಾಗಿ ಮೀಡಿಯನ್ ಎಂಬ ನರ ಸಾಗುತ್ತದೆ. ಹುರಿಗಳು ಗಟ್ಟಿ, ನರ ಮೆತ್ತಗೆ. ಒಳಗೆ ಸ್ವಲ್ಪ ಊತ ಕಂಡರೂ ಮೊದಲು ನಜ್ಜಾಗುವುದು ನರವೇ.

ಈ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶದ ಅರಿವು ಕೊಡುತ್ತದೆ. ಕಿರುಬೆರಳಿನ ಅರಿವು ಬೇರೊಂದು ನರದ ಪಾಲು, ಆ ನರ ಈ ಸುರಂಗದೊಳಗೆ ಬರುವುದೇ ಇಲ್ಲ. ಅಂಗೈಯ ಚರ್ಮಕ್ಕೆ ಹೋಗುವ ಕವಲು ಸುರಂಗಕ್ಕೆ ಮುಂಚೆಯೇ ಬೇರೆಯಾಗಿ ಮೇಲಿನಿಂದ ಹೋಗುತ್ತದೆ. ಹಾಗಾಗಿ ಬೆರಳುಗಳು ಜುಮ್ಮೆಂದು ಕಿರುಬೆರಳೂ ಅಂಗೈಯ ನಡುಭಾಗವೂ ಸರಿಯಾಗಿದ್ದರೆ ಅದು ಬಹುಮಟ್ಟಿಗೆ ಈ ಸುರಂಗದ ತೊಂದರೆಯ ಗುರುತು. “ಕೈ ಪೂರ್ತಿ ಜೋಮು” ಎಂದು ಹೇಳುವವರನ್ನು ಕೂರಿಸಿ, ಯಾವ ಬೆರಳಿನಿಂದ ಯಾವ ಬೆರಳಿಗೆ ಎಂದು ಒಂದೊಂದಾಗಿ ಮುಟ್ಟಿ ಕೇಳಿದರೆ ಅರ್ಧ ರೋಗನಿರ್ಣಯ ಅಲ್ಲಿಯೇ ಆಗುತ್ತದೆ.

ಈ ಸರಳ ಸಂಗತಿ ವೈದ್ಯಲೋಕಕ್ಕೆ ತಿಳಿಯಲು ನೂರು ವರ್ಷ ಹಿಡಿಯಿತು. 1854ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ಮಣಿಕಟ್ಟಿನ ಬಳಿ ಮೂಳೆ ಮುರಿದ ನಂತರ ಈ ನರ ಒತ್ತಿಹೋಗಿದ್ದನ್ನು ದಾಖಲಿಸಿದರು. 1880ರಲ್ಲಿ ಬಾಸ್ಟನ್ನಿನ ಜೇಮ್ಸ್ ಜಾಕ್ಸನ್ ಪಟ್ನಮ್ ರಾತ್ರಿ ಹೊತ್ತು ಕೈ ಜೋಮು ಹಿಡಿಯುವ 37 ರೋಗಿಗಳ ವಿವರ ಬರೆದರು, ಆದರೆ ತೊಂದರೆ ಎಲ್ಲಿದೆ ಎಂಬುದು ಅವರಿಗೆ ಸಿಗಲಿಲ್ಲ. 1913ರಲ್ಲಿ ಫ್ರಾನ್ಸಿನ ಪಿಯೆರ್ ಮಾರಿ ಮತ್ತು ಶಾರ್ಲ್ ಫ್ವಾ, ಎರಡೂ ಕೈಗಳ ಹೆಬ್ಬೆರಳಿನ ಬುಡ ಬತ್ತಿದ್ದ 80 ವರ್ಷದ ರೋಗಿಯೊಬ್ಬರ ದೇಹವನ್ನು ಮರಣಾನಂತರ ಪರೀಕ್ಷಿಸಿದಾಗ, ನರವು ಅಡ್ಡಪಟ್ಟಿಯ ಕೆಳಗೆ ಸಣ್ಣಗಾಗಿ, ಅದಕ್ಕೆ ಸ್ವಲ್ಪ ಮೇಲೆ ಗಂಟಿನಂತೆ ಉಬ್ಬಿರುವುದನ್ನು ಕಂಡರು. ಆ ಪಟ್ಟಿಯನ್ನು ಕೊಯ್ದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದೂ ಬರೆದರು. ಆ ಮಾತನ್ನು ಬಹಳ ಮಂದಿ ಗಮನಿಸಲಿಲ್ಲ. ಮುಂದಿನ ಮೂರು ದಶಕ, ಇಂಥ ಜೋಮಿಗೆ ಕಾರಣ ಕುತ್ತಿಗೆಯ ಬುಡದಲ್ಲಿ ನರಗಳು ಪಕ್ಕೆಲುಬಿಗೆ ಒತ್ತುವುದು ಎಂಬ ನಂಬಿಕೆಯೇ ಬಲವಾಗಿತ್ತು. ಎಷ್ಟೋ ರೋಗಿಗಳಿಗೆ ತೊಂದರೆಯಿದ್ದ ಮಣಿಕಟ್ಟು ಬಿಟ್ಟು ಕುತ್ತಿಗೆಯ ಬಳಿ ಶಸ್ತ್ರಕ್ರಿಯೆ ನಡೆಯಿತು. 1933ರಲ್ಲಿ ಜೇಮ್ಸ್ ಲಿಯರ್‌ಮಂತ್ ಅಡ್ಡಪಟ್ಟಿಯನ್ನು ಕೊಯ್ದು ನರವನ್ನು ಬಿಡಿಸಿದ ವಿವರ ಪ್ರಕಟಿಸಿದರು. 1947ರಲ್ಲಿ ರಸೆಲ್ ಬ್ರೇನ್ ಮತ್ತು ಸಂಗಡಿಗರು, ಮೂಳೆ ಮುರಿಯದಿದ್ದರೂ ತಾನಾಗಿ ಇದು ಬರಬಲ್ಲದು ಎಂದು ಆರು ಮಂದಿಯ ಶಸ್ತ್ರಕ್ರಿಯೆಯ ಮೂಲಕ ತೋರಿಸಿದರು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಫ್ಯಾಲೆನ್ ಅವರ ಬರಹಗಳಿಂದ ಇದು ಎಲ್ಲ ವೈದ್ಯರಿಗೂ ಪರಿಚಿತವಾಯಿತು.

ಒತ್ತಡ ಎನ್ನುವುದು ಬರೀ ಊಹೆಯಲ್ಲ, ಅಳೆದು ನೋಡಿದ್ದು. 1981ರಲ್ಲಿ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಹೋದ್ಯೋಗಿಗಳು ಸಣ್ಣ ಕೊಳವೆಯೊಂದನ್ನು ಸುರಂಗದೊಳಗೆ ಇಳಿಸಿ ಅಳತೆ ತೆಗೆದರು. ಮಣಿಕಟ್ಟು ನೇರವಾಗಿದ್ದಾಗ ತೊಂದರೆ ಇಲ್ಲದವರಲ್ಲಿ ಸರಾಸರಿ ಒತ್ತಡ 2.5 ಮಿಲಿಮೀಟರ್ ಪಾದರಸದಷ್ಟಿತ್ತು, ರೋಗಿಗಳಲ್ಲಿ 32. ಅದೇ ರೋಗಿಗಳು ಮಣಿಕಟ್ಟನ್ನು ಒಳಕ್ಕೆ ಮಡಚಿದಾಗ ಅದು 94ಕ್ಕೆ, ಹಿಂದಕ್ಕೆ ಬಾಗಿಸಿದಾಗ 110ಕ್ಕೆ ಏರಿತು. ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳಲ್ಲಿ ಸುಮಾರು 20ರಿಂದ 30ರ ಒತ್ತಡಕ್ಕೇ ಹರಿವು ಕುಂಠಿತವಾಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಿದ್ದೆಯಲ್ಲಿ ನಾವು ಅರಿವಿಲ್ಲದೆ ಕೈ ಮಡಚಿ ಗಲ್ಲದ ಕೆಳಗೋ ದಿಂಬಿನ ಕೆಳಗೋ ಇಟ್ಟುಕೊಳ್ಳುತ್ತೇವೆ. ಹಗಲೆಲ್ಲ ಕಾಲಿನ ಕಡೆ ಇಳಿದಿದ್ದ ದೇಹದ ನೀರಿನಂಶ ಮಲಗಿದಾಗ ಕೈಗಳತ್ತಲೂ ಹರಡುತ್ತದೆ. ಜೋಮು ನಡುರಾತ್ರಿಯಲ್ಲೇ ಏಕೆ ಎಬ್ಬಿಸುತ್ತದೆ, ಕೈ ಕೊಡವಿದರೆ ಏಕೆ ಇಳಿಯುತ್ತದೆ ಎಂಬುದಕ್ಕೆ ವಿವರಣೆ ಇಲ್ಲಿದೆ. “ರಕ್ತ ಓಡಿಲ್ಲ” ಎನ್ನುವ ಹಿರಿಯರ ಮಾತು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಓಡದಿರುವುದು ಇಡೀ ಕೈಯ ರಕ್ತವಲ್ಲ, ಒಂದು ನರದ ರಕ್ತ.

ಒತ್ತಡ ಬಂದುಹೋಗುತ್ತಿರುವ ಹಂತದಲ್ಲಿ ನರ ಚೇತರಿಸಿಕೊಳ್ಳುತ್ತದೆ. ಅದು ತಿಂಗಳುಗಟ್ಟಲೆ ಉಳಿದರೆ ನರದ ಎಳೆಗಳ ಮೇಲಿನ ಹೊದಿಕೆ ಸವೆದು ಸಂದೇಶ ನಿಧಾನವಾಗುತ್ತದೆ. ಇನ್ನೂ ಮುಂದುವರಿದರೆ ಒಳಗಿನ ಎಳೆಗಳೇ ಸಾಯುತ್ತವೆ, ಆಗ ಹೆಬ್ಬೆರಳಿನ ಬುಡದ ಸ್ನಾಯು ಬತ್ತುತ್ತದೆ. ಮೊದಲೆರಡು ಹಂತಗಳಿಂದ ಹಿಂತಿರುಗುವುದು ಸಾಧ್ಯ, ಮೂರನೆಯದರಿಂದ ಪೂರ್ತಿ ಹಿಂತಿರುಗುವುದು ಕಷ್ಟ.

ಇನ್ನೊಂದು ಮುಖ್ಯ ಸಂಗತಿಯಿದೆ. ಶಸ್ತ್ರಕ್ರಿಯೆಯ ವೇಳೆ ಹುರಿಗಳ ಸುತ್ತಲಿನ ತೆಳುಪೊರೆಯ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನಗಳಲ್ಲಿ, ಉರಿಯೂತ ಕಂಡದ್ದು ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಕಂಡದ್ದು ನೀರು ತುಂಬಿದ ಊತ ಮತ್ತು ಪೊರೆ ನಾರುಗಟ್ಟಿ ದಪ್ಪವಾಗಿರುವುದು. ಉರಿಯೂತ ಇಳಿಸುವ ನೋವಿನ ಮಾತ್ರೆಗಳು ಈ ರೋಗದಲ್ಲಿ ಏಕೆ ಫಲ ಕೊಡುವುದಿಲ್ಲ ಎಂಬುದಕ್ಕೆ ಇದೊಂದು ಸುಳಿವು.

ನನ್ನ ಕೆಲಸವೇ ಕಾರಣವೇ?

ಎಷ್ಟು ಜನರಿಗೆ ಈ ತೊಂದರೆಯಿದೆ ಎಂಬುದನ್ನು ಆಸ್ಪತ್ರೆಯ ಲೆಕ್ಕದಿಂದ ತಿಳಿಯಲಾಗದು, ಆಸ್ಪತ್ರೆಗೆ ಬಾರದವರೇ ಹೆಚ್ಚು. ಇಸಾಮ್ ಅತ್ರೋಶಿ ಮತ್ತು ಸಂಗಡಿಗರು ದಕ್ಷಿಣ ಸ್ವೀಡನ್ನಿನ ಸಾಮಾನ್ಯ ಜನರಿಂದ 3,000 ಮಂದಿಯನ್ನು ಆರಿಸಿ ಪ್ರಶ್ನಾವಳಿ ಕಳಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ 14.4 ಶೇಕಡಾ ಜನ ಈ ನರದ ವ್ಯಾಪ್ತಿಯ ಬೆರಳುಗಳಲ್ಲಿ ನೋವು, ಜೋಮು ಅಥವಾ ಜುಮ್ಮೆನ್ನುವಿಕೆ ಇದೆ ಎಂದರು. ವೈದ್ಯರು ಪರೀಕ್ಷಿಸಿದಾಗಲೂ, ನರದ ಪರೀಕ್ಷೆಯಲ್ಲೂ ಎರಡರಲ್ಲೂ ಖಚಿತವಾದವರು 2.7 ಶೇಕಡಾ. ಅಂದರೆ ಕೈ ಜೋಮು ಎನ್ನುವ ಐವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಈ ರೋಗ. ಅದೇ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದವರ ನರ ಪರೀಕ್ಷಿಸಿದಾಗಲೂ 18 ಶೇಕಡಾ ಮಂದಿಯಲ್ಲಿ ನರದ ವೇಗ ಕಡಿಮೆ ಕಂಡಿತು. ರೋಗಿಯ ಮಾತೊಂದನ್ನೇ ನಂಬಿದರೂ ಯಂತ್ರದ ಚೀಟಿಯೊಂದನ್ನೇ ನಂಬಿದರೂ ತಪ್ಪಾಗುತ್ತದೆ ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ.

ಕೆಲಸಕ್ಕೂ ರೋಗಕ್ಕೂ ಇರುವ ನಂಟಿನ ಬಗ್ಗೆ ಇಂದಿಗೂ ನೆನೆಯುವ ಅಧ್ಯಯನ ಬಾರ್ಬರಾ ಸಿಲ್ವರ್‌ಸ್ಟೀನ್ ಮತ್ತು ಸಂಗಡಿಗರದು. 1987ರಲ್ಲಿ ಪ್ರಕಟವಾದ ಅದರಲ್ಲಿ ಅಮೆರಿಕದ ಏಳು ಕಾರ್ಖಾನೆಗಳ 652 ಕೆಲಸಗಾರರನ್ನು, ಅವರ ಕೆಲಸದಲ್ಲಿ ಕೈ ಹಾಕುವ ಬಲ ಎಷ್ಟು, ಒಂದೇ ಚಲನೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬುದರ ಮೇಲೆ ನಾಲ್ಕು ಗುಂಪು ಮಾಡಿ ನೋಡಿದರು. ಬಲವೂ ಕಡಿಮೆ, ಮರುಕಳಿಕೆಯೂ ಕಡಿಮೆ ಇದ್ದ ಕೆಲಸದಲ್ಲಿ 0.6 ಶೇಕಡಾ ಮಂದಿಗೆ ತೊಂದರೆ ಕಂಡರೆ ಎರಡೂ ಹೆಚ್ಚಿದ್ದ ಕೆಲಸದಲ್ಲಿ 5.6 ಶೇಕಡಾ ಮಂದಿಗೆ ಕಂಡಿತು. ನಂತರ ಬಂದ ದೊಡ್ಡ ಅಧ್ಯಯನಗಳೂ, ಬಲವಾಗಿ ಹಿಡಿಯುವ, ಹಿಂಡುವ ಕೆಲಸವೇ ಮುಖ್ಯ ಅಪಾಯ ಎನ್ನುವ ಕಡೆಗೆ ವಾಲಿವೆ. ಕೈಗೆ ನಡುಕ ಕೊಡುವ ಯಂತ್ರಗಳೂ ಈ ಪಟ್ಟಿಯಲ್ಲಿವೆ.

ಕಂಪ್ಯೂಟರ್ ವಿಷಯ ಬೇರೆ. ಕೀಬೋರ್ಡ್ ಕುಟ್ಟಿದರೆ ಈ ರೋಗ ಬರುತ್ತದೆ ಎಂಬ ಮಾತು ಎಷ್ಟು ಹಬ್ಬಿದೆಯೆಂದರೆ ಮೊದಲು ನೆನಪಾಗುವುದೇ ಅದು. ಆದರೆ 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹೆಚ್ಚಾಗಿ ಕಂಪ್ಯೂಟರ್ ಬಳಸುವ 257 ನೌಕರರಲ್ಲಿ ನರದ ಪರೀಕ್ಷೆಯಿಂದ ಖಚಿತವಾದದ್ದು 3.5 ಶೇಕಡಾ, ಸಾಮಾನ್ಯ ಜನರಲ್ಲಿ ಕಾಣುವಷ್ಟೇ. 2003ರ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲಿ ಕೀಬೋರ್ಡಿಗೂ ರೋಗಕ್ಕೂ ನಂಟು ಸಿಗಲಿಲ್ಲ. ವಾರಕ್ಕೆ 20 ಗಂಟೆಗೂ ಹೆಚ್ಚು ಮೌಸ್ ಹಿಡಿಯುವವರಲ್ಲಿ ಮಾತ್ರ ತುಸು ಹೆಚ್ಚಳ ಕಂಡಿತು.

ಇದನ್ನು ನಮ್ಮ ಕೆಲಸಗಳ ಮೇಲಿಟ್ಟು ನೋಡಿದರೆ ಏನು ತೋರುತ್ತದೆ? ಇದು ನನ್ನ ತೀರ್ಮಾನ, ಅಳತೆಯ ಫಲಿತಾಂಶವಲ್ಲ. ಕಾಫಿ ಹಣ್ಣು ಬಿಡಿಸುವಾಗ ಬೆರಳು ಸಾವಿರಾರು ಸಲ ಆಡುತ್ತದೆ, ಆದರೆ ಒಂದೊಂದು ಹಣ್ಣಿಗೆ ಬೇಕಾದ ಬಲ ಸಣ್ಣದು. ಕೊಯ್ಲು ಮುಗಿದ ಮೇಲೆ ಬರುವ ಕಸಿ, ಅಂದರೆ ಗಿಡದ ರೆಂಬೆ ಸವರುವ ಕೆಲಸದಲ್ಲಿ, ಹರಿತ ಕಳೆದುಕೊಂಡ ಕತ್ತರಿಯನ್ನು ದಿನವಿಡೀ ಅದುಮುವಾಗ, ಮರಗಸಿಯಲ್ಲಿ ಕತ್ತಿ ಬಿಗಿಯಾಗಿ ಹಿಡಿದು ಕಡಿಯುವಾಗ, ಕಳೆ ಹೊಡೆಯುವ ಯಂತ್ರದ ನಡುಕವನ್ನು ಗಂಟೆಗಟ್ಟಲೆ ಕೈಯಲ್ಲಿ ತಡೆದುಕೊಳ್ಳುವಾಗ ಬಲ, ಮರುಕಳಿಕೆ, ನಡುಕ ಒಟ್ಟಿಗೆ ಸೇರುತ್ತವೆ. ಹಾಲು ಕರೆಯುವುದೂ ಬಲ ಹಾಕಿ ಹಿಂಡುವ ಕೆಲಸವೇ. ಕತ್ತರಿಗೆ ಸಾಣೆ ಹಿಡಿಸಿಕೊಡುವುದು, ಒಬ್ಬರೇ ವಾರವಿಡೀ ಕತ್ತರಿ ಹಿಡಿಯದಂತೆ ಕೆಲಸ ಬದಲಿಸಿಕೊಡುವುದು ತೋಟದ ಮಾಲೀಕರಿಗೆ ದೊಡ್ಡ ಖರ್ಚಿನ ಬಾಬತ್ತಲ್ಲ, ಮಾಡಲೇಬೇಕಾದದ್ದು.

ಆದರೂ ಒಂದೇ ತೋಟದಲ್ಲಿ ಒಂದೇ ಕತ್ತರಿ ಹಿಡಿದ ಇಬ್ಬರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದೇಕೆ? ಇಲ್ಲಿ ಮೈಯ ಪಾಲು ಬರುತ್ತದೆ. ಈ ರೋಗ ಹೆಂಗಸರಲ್ಲಿ ಹೆಚ್ಚು. ಬೊಜ್ಜು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಕೀಲುಗಳು ಊದಿಕೊಳ್ಳುವ ರುಮಟಾಯ್ಡ್ ಸಂಧಿವಾತ, ಹಿಂದೆಂದೋ ಮುರಿದು ಸೊಟ್ಟ ಕೂಡಿದ ಮಣಿಕಟ್ಟು ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ದೇಹದಲ್ಲಿ ನೀರು ಹೆಚ್ಚಾದಾಗ ಇದು ಕಾಣಿಸಿಕೊಂಡು, ಹೆರಿಗೆಯ ನಂತರ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಚಿಕ್ಕಮಗಳೂರು ಹಿಂದೆ ಗಳಗಂಡ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲೊಂದು. ಗಳಗಂಡವೆಂದರೆ ಥೈರಾಯ್ಡ್ ಕೊರತೆ ಎಂದೇ ಅರ್ಥವಲ್ಲ, ಆದರೂ ಎರಡೂ ಕೈ ಜೋಮು ಹಿಡಿಯುವ ಮಹಿಳೆಗೆ ಆಯಾಸ, ಮೈಭಾರ, ಚಳಿ ತಡೆಯದಿರುವುದು ಇವೂ ಇದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸದೆ ಬಿಡಬಾರದು.

ವಂಶದ ಪಾಲೂ ಸಣ್ಣದಲ್ಲ. 2002ರಲ್ಲಿ ಪ್ರಕಟವಾದ, ಅವಳಿ ಸಹೋದರಿಯರನ್ನು ಹೋಲಿಸಿದ ಬ್ರಿಟನ್ನಿನ ಅಧ್ಯಯನವು ಹೆಂಗಸರಲ್ಲಿ ಈ ರೋಗದ ಒಲವಿನ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು ಎಂದು ಅಂದಾಜಿಸಿತು. 2019ರಲ್ಲಿ ಬ್ರಿಟನ್ನಿನ 12,312 ರೋಗಿಗಳ ವಂಶವಾಹಿಗಳನ್ನು ರೋಗವಿಲ್ಲದವರೊಡನೆ ಹೋಲಿಸಿದಾಗ ರೋಗದೊಡನೆ ನಂಟಿರುವ 16 ತಾಣಗಳು ಸಿಕ್ಕವು. ಅವುಗಳಲ್ಲಿ ಹಲವು ಮೂಳೆಯ ಬೆಳವಣಿಗೆ ಮತ್ತು ದೇಹದ ಕೂಡುಪೊರೆಗಳ ರಚನೆಗೆ ಸಂಬಂಧಿಸಿದವು. ಸುರಂಗದ ಅಳತೆ, ಗೋಡೆಯ ಗುಣ ಇವು ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿರುತ್ತವೆ ಎನ್ನುವುದಕ್ಕೆ ಇದು ಪುಷ್ಟಿ ಕೊಡುತ್ತದೆ. ಹಾಗೆಂದು “ನಿನ್ನ ಮೈಯೇ ಹಾಗಿದೆ” ಎಂದು ಕೆಲಸಗಾರರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ತಪ್ಪು. ಇಕ್ಕಟ್ಟಾದ ಸುರಂಗ ಇರುವವರಿಗೇ ಬಲದ ಕೆಲಸ ಹೆಚ್ಚು ಕೆಡುಕು ಮಾಡುತ್ತದೆ.

ಬಹಳ ಕಡಿಮೆ ಮಂದಿಗೆ ಅನ್ವಯಿಸಿದರೂ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ವಯಸ್ಸಾದವರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸುರಂಗದಲ್ಲಿ ಶೇಖರವಾಗಿ, ಮುಂದೆ ಹೃದಯದಲ್ಲೂ ಶೇಖರವಾಗಬಹುದು. 2018ರ ಒಂದು ಅಮೆರಿಕನ್ ಅಧ್ಯಯನದಲ್ಲಿ, 50 ದಾಟಿದ ಗಂಡಸರು ಮತ್ತು 60 ದಾಟಿದ ಹೆಂಗಸರು ಸೇರಿ 98 ಮಂದಿಯಿಂದ ಕೈ ಶಸ್ತ್ರಕ್ರಿಯೆಯ ವೇಳೆ ತೆಗೆದ ತುಣುಕುಗಳನ್ನು ಪರೀಕ್ಷಿಸಿದಾಗ 10 ಮಂದಿಯಲ್ಲಿ ಅದು ಸಿಕ್ಕಿತು. ಎರಡೂ ಕೈಗೆ ಈ ತೊಂದರೆಯಿರುವ ಹಿರಿಯರಿಗೆ ಏದುಸಿರು, ಕಾಲು ಊತ ಕಂಡರೆ ಹೃದಯದ ವೈದ್ಯರಿಗೆ ಕೈಯ ವಿಷಯವನ್ನೂ ಹೇಳಬೇಕು.

ಇದೇ ರೋಗವೆಂದು ತಿಳಿಯುವ ಬಗೆ

ಮಣಿಕಟ್ಟನ್ನು ಒಳಕ್ಕೆ ಮಡಚಿ 60 ಸೆಕೆಂಡು ಹಿಡಿದಾಗ ಬೆರಳು ಜುಮ್ಮೆಂದರೆ ಅದು ಫ್ಯಾಲೆನ್ ಪರೀಕ್ಷೆ. ಸುರಂಗದ ಮೇಲೆ ಬೆರಳಿನಿಂದ ತಟ್ಟಿದಾಗ ಮಿಂಚು ಹೊಡೆದಂತಾದರೆ ಅದು ಟಿನೆಲ್ ಗುರುತು. ಹೆಬ್ಬೆರಳಿನಿಂದ ಸುರಂಗದ ಮೇಲೆ ಒತ್ತಿ ಹಿಡಿಯುವುದು 1991ರಲ್ಲಿ ಡರ್ಕನ್ ಹೇಳಿದ ಪರೀಕ್ಷೆ. ಕೈ ಕೊಡವಿದರೆ ಕಡಿಮೆಯಾಗುತ್ತದೆ ಎಂಬುದನ್ನೇ 1984ರಲ್ಲಿ ಒಬ್ಬ ವೈದ್ಯರು ನೂರಕ್ಕೆ ತೊಂಬತ್ತಕ್ಕೂ ಮೇಲೆ ನಿಖರವಾದ ಗುರುತು ಎಂದು ವರದಿ ಮಾಡಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ನಿಖರತೆ ಕಾಣಲಿಲ್ಲ. ಇವು ಯಾವುವೂ ಒಂಟಿಯಾಗಿ ತೀರ್ಪು ಕೊಡಲಾರವು, ಎಲ್ಲವನ್ನೂ ಕೂಡಿಸಿ ನೋಡಬೇಕು. ನರದಲ್ಲಿ ಸಂದೇಶದ ವೇಗ ಅಳೆಯುವ ಪರೀಕ್ಷೆ 1950ರ ದಶಕದಿಂದ ಬಳಕೆಯಲ್ಲಿದೆ. ಇತ್ತೀಚೆಗೆ ಅಲ್ಟ್ರಾಸೌಂಡ್‌ನಲ್ಲಿ ಸುರಂಗದ ಬಾಯಿಯ ಬಳಿ ನರ ಊದಿದೆಯೇ ಎಂದು ಅಳೆಯುವುದೂ ಹೆಚ್ಚುತ್ತಿದೆ.

ಜೋಮು ತರುವ ಬೇರೆ ಕಾರಣಗಳನ್ನು ಬಿಡದೆ ನೋಡುವುದು ನಮ್ಮಲ್ಲಿ ವಿಶೇಷವಾಗಿ ಮುಖ್ಯ. ಸಕ್ಕರೆ ಕಾಯಿಲೆಯ ನರದ ತೊಂದರೆ ಸಾಮಾನ್ಯವಾಗಿ ಪಾದಗಳಿಂದ ಶುರುವಾಗುತ್ತದೆ. ಕುತ್ತಿಗೆಯ ಮೂಳೆ ಸವೆತದಲ್ಲಿ ನೋವು ಕುತ್ತಿಗೆಯಿಂದ ತೋಳಿಗೆ ಇಳಿಯುತ್ತದೆ. ಬಿ12 ಕೊರತೆ ಕೈಕಾಲು ನಾಲ್ಕನ್ನೂ ಕಾಡಬಹುದು. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆ ಆಗಬೇಕು. ಅದು ಪೂರ್ತಿ ಗುಣವಾಗುವ ಕಾಯಿಲೆ, ನಾಚಿಕೆಯಿಂದ ಮುಚ್ಚಿಟ್ಟರೆ ನರ ಹೋಗುತ್ತದೆ.

ಏನು ಮಾಡಿದರೆ ಹೋಗುತ್ತದೆ?

ಇಟಲಿಯಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಯಾವ ಚಿಕಿತ್ಸೆಯನ್ನೂ ಪಡೆಯದ 196 ರೋಗಿಗಳನ್ನು ಹತ್ತರಿಂದ ಹದಿನೈದು ತಿಂಗಳ ನಂತರ ಮತ್ತೆ ನೋಡಿತು. ಗಣನೀಯ ಸಂಖ್ಯೆಯ ಕೈಗಳು ತಾವಾಗಿಯೇ ಸುಧಾರಿಸಿದ್ದವು, ಕೆಲವು ಕೆಟ್ಟಿದ್ದವು. ಚಿಕಿತ್ಸೆಯ ಬಗ್ಗೆ ಏನನ್ನು ಓದುವ ಮೊದಲೂ ಇದನ್ನು ನೆನಪಿಡಬೇಕು. “ನಾನು ಈ ಎಣ್ಣೆ ಹಚ್ಚಿದೆ, ಹೋಯಿತು” ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಹಚ್ಚದಿದ್ದರೂ ಹೋಗುತ್ತಿತ್ತೇ ಎಂದು ತಿಳಿಯಲು ಹಚ್ಚದ ಇನ್ನೊಂದು ಗುಂಪು ಬೇಕು. ಆ ಇನ್ನೊಂದು ಗುಂಪನ್ನು ಇಟ್ಟುಕೊಂಡು ನೋಡಿದಾಗ ಬಿ6 ವಿಟಮಿನ್, ಉರಿಯೂತ ಇಳಿಸುವ ನೋವಿನ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇವು ಔಷಧವೇ ಇಲ್ಲದ ಹುಸಿ ಗುಳಿಗೆಗಿಂತ ಮೇಲೆಂದು ಕಾಣಲಿಲ್ಲ. ನುಂಗುವ ಸ್ಟೀರಾಯ್ಡ್ ಕೆಲವು ವಾರ ಮಾತ್ರ ಆರಾಮ ಕೊಟ್ಟಿತು.

ಸರಳವಾದದ್ದು ರಾತ್ರಿ ಕಟ್ಟುವ ಪಟ್ಟಿ, ಔಷಧದಂಗಡಿಯವರು ರಿಸ್ಟ್ ಸ್ಪ್ಲಿಂಟ್ ಎಂದು ಕೊಡುವುದು. ಮಣಿಕಟ್ಟು ನೇರವಾಗಿದ್ದಾಗ ಒತ್ತಡ ಅತಿ ಕಡಿಮೆ ಎಂದು ಗೆಲ್ಬರ್‌ಮನ್ ಅಳೆದಿದ್ದರಲ್ಲ, ಪಟ್ಟಿಯ ಕೆಲಸ ಅಷ್ಟೇ. ಹಿಂದಕ್ಕೆ ಬಾಗಿದ ಆಕಾರದ ಪಟ್ಟಿ, ಬಿಗಿಯಾಗಿ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜ್ ಇವು ಆ ಉದ್ದೇಶವನ್ನೇ ಕೆಡಿಸುತ್ತವೆ. ಗಟ್ಟಿ ಹಲಗೆ ಅಂಗೈ ಕಡೆ ಇರಬೇಕು, ಮಣಿಕಟ್ಟು ನೆಟ್ಟಗಿರಬೇಕು, ಬೆರಳುಗಳು ಆಡಬೇಕು. ಕನಿಷ್ಠ ಆರು ವಾರ ಪ್ರತಿ ರಾತ್ರಿ ಕಟ್ಟದೆ “ಪ್ರಯೋಜನವಾಗಲಿಲ್ಲ” ಎನ್ನುವಂತಿಲ್ಲ.

ಸುರಂಗದೊಳಕ್ಕೆ ಹಾಕುವ ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆ ನಮ್ಮವರಿಗೆ ಭಯವೂ ಇದೆ, ಅತಿಯಾದ ನಂಬಿಕೆಯೂ ಇದೆ. 1999ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ 60 ರೋಗಿಗಳಿದ್ದರು. ಒಂದು ತಿಂಗಳ ನಂತರ ಸ್ಟೀರಾಯ್ಡ್ ಪಡೆದವರಲ್ಲಿ 77 ಶೇಕಡಾ, ಮರಗಟ್ಟಿಸುವ ಔಷಧ ಮಾತ್ರ ಪಡೆದವರಲ್ಲಿ 20 ಶೇಕಡಾ ಸುಧಾರಿಸಿದ್ದರು. ಆರಾಮ ನಿಜ ಎಂಬುದು ಇದರಿಂದ ಸ್ಪಷ್ಟ. ಅದು ಎಷ್ಟು ಕಾಲ ನಿಲ್ಲುತ್ತದೆ? 2013ರಲ್ಲಿ ಅತ್ರೋಶಿ ಅವರ ತಂಡ 111 ರೋಗಿಗಳನ್ನು ಮೂರು ಗುಂಪು ಮಾಡಿ 80 ಮಿಲಿಗ್ರಾಂ, 40 ಮಿಲಿಗ್ರಾಂ ಮತ್ತು ಔಷಧವಿಲ್ಲದ ನೀರು ಕೊಟ್ಟಿತು. ಹತ್ತು ವಾರಗಳ ಹೊತ್ತಿಗೆ ಔಷಧ ಪಡೆದವರು ಚೆನ್ನಾಗಿದ್ದರು. ವರ್ಷ ತುಂಬುವಷ್ಟರಲ್ಲಿ 80 ಮಿಲಿಗ್ರಾಂ ಪಡೆದವರಲ್ಲಿ 73 ಶೇಕಡಾ, 40 ಪಡೆದವರಲ್ಲಿ 81 ಶೇಕಡಾ, ನೀರು ಪಡೆದವರಲ್ಲಿ 92 ಶೇಕಡಾ ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರು. ಇವರೆಲ್ಲ ಪಟ್ಟಿ ಕಟ್ಟಿಯೂ ಕಡಿಮೆಯಾಗದೆ ಬಂದವರು ಎಂಬುದನ್ನು ಮರೆಯಬಾರದು. 2018ರಲ್ಲಿ ಬ್ರಿಟನ್ನಿನಲ್ಲಿ, ತೊಂದರೆ ಅಷ್ಟೇನೂ ಬಲಿಯದ 234 ಮಂದಿಯಲ್ಲಿ ಒಂದು ಚುಚ್ಚುಮದ್ದನ್ನು ಆರು ವಾರಗಳ ರಾತ್ರಿ ಪಟ್ಟಿಗೆ ಹೋಲಿಸಿದಾಗ, ಆರು ವಾರಕ್ಕೆ ಚುಚ್ಚುಮದ್ದು ಮೇಲು, ಆರು ತಿಂಗಳಿಗೆ ಎರಡೂ ಒಂದೇ ಎಂದು ಕಂಡಿತು. ಬೇಗ ಆರಾಮ ಬೇಕಾದವರಿಗೆ ಚುಚ್ಚುಮದ್ದು, ಕಾಯಬಲ್ಲವರಿಗೆ ಪಟ್ಟಿ ಎಂದು ನಾನು ಇದನ್ನು ಓದುತ್ತೇನೆ.

ಯೋಗದ ಬಗ್ಗೆ ಕೇಳುವವರು ಬಹಳ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ ಆಸನಗಳನ್ನು ಬಳಸಿ 1998ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 42 ಮಂದಿಯಲ್ಲಿ ಒಂದು ಗುಂಪು ಎಂಟು ವಾರ, ವಾರಕ್ಕೆರಡು ಬಾರಿ 11 ಆಸನಗಳನ್ನು ಕಲಿತಿತು, ಇನ್ನೊಂದಕ್ಕೆ ಪಟ್ಟಿ ಕೊಡಲಾಯಿತು. ಯೋಗದ ಗುಂಪಿನಲ್ಲಿ ಹಿಡಿತದ ಬಲ ಹೆಚ್ಚಿ ನೋವು ಇಳಿಯಿತು, ಆದರೆ ನರದ ವೇಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪ್ರಯೋಗ ಸಣ್ಣದು, ಕಾಲಾವಧಿಯೂ ಚಿಕ್ಕದು. ಆರಂಭದ ಹಂತದಲ್ಲಿ, ಕಲಿಸಬಲ್ಲವರ ಕೈಕೆಳಗೆ ಮಾಡುವುದಕ್ಕೆ ಅಡ್ಡಿಯಿಲ್ಲ. ಮಾಂಸ ಬತ್ತಲು ಶುರುವಾದ ಮೇಲೆ ಇದನ್ನೇ ನೆಚ್ಚಿ ಕೂರುವುದು ಸಲ್ಲದು.

ಶಸ್ತ್ರಕ್ರಿಯೆಯಲ್ಲಿ ಮಾಡುವುದು ಮಾರಿ ಮತ್ತು ಫ್ವಾ 1913ರಲ್ಲಿ ಸೂಚಿಸಿದ್ದನ್ನೇ: ಚಾವಣಿಯ ಅಡ್ಡಪಟ್ಟಿಯನ್ನು ಉದ್ದಕ್ಕೆ ಕೊಯ್ದು ಸುರಂಗವನ್ನು ಅಗಲವಾಗಿಸುವುದು. ಕೈಯನ್ನಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಕೆಲಸ, ಅಂದೇ ಮನೆಗೆ ಹೋಗಬಹುದು. 2002ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ 176 ರೋಗಿಗಳನ್ನು ಶಸ್ತ್ರಕ್ರಿಯೆ ಮತ್ತು ಪಟ್ಟಿಗೆ ಹಂಚಿದರು. ಮೂರು ತಿಂಗಳಿಗೆ ಶಸ್ತ್ರಕ್ರಿಯೆಯವರಲ್ಲಿ 80 ಶೇಕಡಾ, ಪಟ್ಟಿಯವರಲ್ಲಿ 54 ಶೇಕಡಾ ಗುಣ ಕಂಡರು. ಹದಿನೆಂಟು ತಿಂಗಳಿಗೆ ಅದು 90 ಮತ್ತು 75 ಆಯಿತು, ಆದರೆ ಅಷ್ಟರಲ್ಲಿ ಪಟ್ಟಿಯ ಗುಂಪಿನ 41 ಶೇಕಡಾ ಮಂದಿಯೂ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರು. 2025ರಲ್ಲಿ ಅದೇ ದೇಶದಿಂದ ಬಂದ, 934 ರೋಗಿಗಳ ಇನ್ನೂ ದೊಡ್ಡ ಪ್ರಯೋಗವು ಶಸ್ತ್ರಕ್ರಿಯೆಯಿಂದ ಆರಂಭಿಸುವುದನ್ನು ಚುಚ್ಚುಮದ್ದಿನಿಂದ ಆರಂಭಿಸುವುದಕ್ಕೆ ಹೋಲಿಸಿತು. ಹದಿನೆಂಟು ತಿಂಗಳಿಗೆ ಗುಣವಾದವರು ಕ್ರಮವಾಗಿ 61 ಮತ್ತು 45 ಶೇಕಡಾ. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಶಸ್ತ್ರಕ್ರಿಯೆ ಮೇಲು ಎನ್ನುವುದು ಒಂದು. ಚುಚ್ಚುಮದ್ದಿನಿಂದ ಆರಂಭಿಸಿದವರಲ್ಲೂ ಅರ್ಧದ ಹತ್ತಿರ ಮಂದಿ ಗುಣವಾದರು ಎನ್ನುವುದು ಇನ್ನೊಂದು.

ದೊಡ್ಡ ಗಾಯದ ಬದಲು ಸಣ್ಣ ತೂತಿನ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ವಿಧಾನದ ಬಗ್ಗೆ ಜಾಹೀರಾತು ಜೋರಾಗಿರುತ್ತದೆ. 2006ರಲ್ಲಿ ಸ್ವೀಡನ್ನಿನ 128 ದುಡಿಯುವ ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ, ಮೊದಲ ಮೂರು ತಿಂಗಳು ಗಾಯದ ನೋವು ಸ್ವಲ್ಪ ಕಡಿಮೆಯಿತ್ತು, ವರ್ಷದ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ಕೆಲಸಕ್ಕೆ ಮರಳಲು ಹಿಡಿದದ್ದು 28 ಮತ್ತು 33 ದಿನ. ಹೆಚ್ಚು ಹಣ ಕೊಟ್ಟು ಐದು ದಿನ ಕೊಳ್ಳುವ ಅಗತ್ಯ ಎಲ್ಲರಿಗೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ಫಲಿಸುವುದಿಲ್ಲ ಎಂಬ ಅಂಜಿಕೆಯೂ ಇದೆ. 2009ರ ಸ್ವೀಡನ್ನಿನ ಅಧ್ಯಯನ ಅವರೂ ಇತರರಷ್ಟೇ ಸುಧಾರಿಸಿದ್ದನ್ನು ತೋರಿಸಿದೆ.

ಈ ಪ್ರಯೋಗಗಳ ರೋಗಿಗಳು ಸಂಬಳದ ರಜೆ ಸಿಗುವ ದೇಶಗಳವರು. ನಮ್ಮಲ್ಲಿ ದಿನಗೂಲಿಯವರಿಗೆ ಒಂದು ತಿಂಗಳೆಂದರೆ ಒಂದು ತಿಂಗಳ ಅನ್ನ. ಗಾಯ ಎರಡು ವಾರಕ್ಕೆ ಮಾಯ್ದರೂ ಅಂಗೈಯ ಬುಡದಲ್ಲಿ ಒತ್ತಿದರೆ ನೋವು, ಹಿಡಿತದಲ್ಲಿ ಬಲಹೀನತೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇರುತ್ತದೆ. ಮುದ್ದೆ ಕೋಲು ಹಿಡಿದು ತೊಳಸುವುದು, ಕತ್ತರಿ ಅದುಮುವುದು, ಹಾಲು ಕರೆಯುವುದು ಕೊನೆಗೆ ಮರಳುವ ಕೆಲಸಗಳು. ಅದಕ್ಕಾಗಿ ಕೊಯ್ಲು ಶುರುವಾಗುವ ಮುನ್ನ, ಅಕ್ಟೋಬರ್‌ನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದು ಸರಿಯಾದ ಲೆಕ್ಕವಲ್ಲ. ತೋಟದಲ್ಲಿ ಕೆಲಸ ಇಳಿಯುವ ಜುಲೈ ಆಗಸ್ಟ್‌ನ ಮಳೆ ದಿನಗಳೇ ಮೇಲು, ಹೊಲಿಗೆ ಬಿಚ್ಚುವವರೆಗೆ ಕೈ ನೆನೆಯದಂತೆ ನೋಡಿಕೊಂಡರಾಯಿತು. ಎರಡೂ ಕೈಗೆ ತೊಂದರೆಯಿದ್ದರೆ ಒಂದಾದ ಮೇಲೆ ಒಂದು ಮಾಡಿಸುವುದು ಒಳ್ಳೆಯದು, ಊಟ ಸ್ನಾನಕ್ಕೆ ಒಂದು ಕೈಯಾದರೂ ಬೇಕು. ಆದರೆ ಹೆಬ್ಬೆರಳಿನ ಬುಡ ಬತ್ತುತ್ತಿರುವವರಿಗೆ, ಜೋಮು ಹಗಲು ರಾತ್ರಿ ಬಿಡದೆ ಇರುವವರಿಗೆ ಈ ಹಂಗಾಮಿನ ಲೆಕ್ಕ ಅನ್ವಯಿಸುವುದಿಲ್ಲ. ಅವರು ಹಾಸನದ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಈ ವಾರವೇ ಹೋಗಬೇಕು, ಹೋದಾಗ “ಕೈ ನೋವು” ಎನ್ನದೆ ಯಾವ ಬೆರಳು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಎಷ್ಟು ತಿಂಗಳಾಯಿತು ಎಂಬ ಮೂರನ್ನು ಹೇಳಬೇಕು.